ಗುಲಾಬಿಯ ಕೈಲಿ ಹೇಳಿಕಳಿಸಿದ ಮಾತು

ಸೋಮವಾರ, ವೆಸ್ಟ್‌ಮಿನ್‌ಸ್ಟರ್

ರೆಡಿಂಗಿನಿಂದ ಬೆಳಗಿನ ರೈಲು ಹಿಡಿದು ಬಂದು ಒಂಬತ್ತೂವರೆಗೆ ಲಂಡನ್ನಿನ ದೊಡ್ಡ ಚರ್ಚು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಬಾಗಿಲಲ್ಲಿ ಸಾಲು ನಿಂತಿದ್ದೆವು, ನಾನು ಮತ್ತು ನನ್ನ ತಮ್ಮನ ಮಗಳು. ಒಳಗೆ ಹೋದವರೆಲ್ಲ ರಾಜರಾಣಿಯರ ಸಮಾಧಿಗಳ ಕಡೆ ನಡೆದರು. ನಾವು ಎಡಗಡೆಯ ಓಣಿಯಂಥ ಜಾಗಕ್ಕೆ ತಿರುಗಿದೆವು. ಆರ್ಗನ್ನಿನ ಹತ್ತಿರ, ನೆಲದ ಚಪ್ಪಡಿಯ ಕೆಳಗೆ, ಸಂಗೀತ ರಚನಕಾರ ಹೆನ್ರಿ ಪರ್ಸೆಲ್ ಮಲಗಿದ್ದಾನೆ. 1695ರ ನವೆಂಬರ್ 21ರಂದು ತೀರಿಕೊಂಡಾಗ ಅವನಿಗೆ ಬರೀ 36 ವರ್ಷ. ಪಕ್ಕದ ಕಂಬದ ಫಲಕದಲ್ಲಿರುವ ಮಾತಿನ ಸಾರ ಇಷ್ಟು: ಇವನ ಗಾನವನ್ನು ಮೀರಿಸುವ ಗಾನ ಇರುವುದು ಒಂದೇ ಕಡೆ, ಆ ಪುಣ್ಯಸ್ಥಳಕ್ಕೇ ಇವನು ಹೋಗಿದ್ದಾನೆ.

ಹಾಸನದ ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವಳು ನಾನು. ಪಠ್ಯದಲ್ಲಿ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್‌ನ ಕಾಲದ ನಾಲ್ಕೈದು ಪ್ರೇಮಗೀತೆಗಳು ಇದ್ದೇ ಇರುತ್ತಿದ್ದವು. ಕ್ಲೋರಿಸ್, ಫಿಲ್ಲಿಸ್, ಸೀಲಿಯಾ ಎಂಬ ಕುರುಬಗಿತ್ತಿಯರ ಹೆಸರು, ಒಲಿಯದ ಹೆಣ್ಣು, ಬೇಡುವ ಗಂಡು, ಹನ್ನೆರಡು ಸಾಲು, ಮುಗಿಯಿತು. ಮಕ್ಕಳಿಗೆ ಅರ್ಥ ಹೇಳುತ್ತಿದ್ದೆ, ಅಲಂಕಾರ ಹೇಳುತ್ತಿದ್ದೆ. ಆದರೆ ಆ ಪದ್ಯಗಳು ನನ್ನ ಮನಸ್ಸಿಗೆ ಹತ್ತಿರವಾಗಲೇ ಇಲ್ಲ. ಕಾಗದದ ಹೂವಿನ ಹಾಗೆ ಕಾಣುತ್ತಿದ್ದವು. ಹೋದ ವರ್ಷ ತಮ್ಮನ ಮಗಳು ಫೋನಿನಲ್ಲಿ ಅದರಲ್ಲೊಂದನ್ನು ಹಾಡಿದಳು. ಅವಳು ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವಳು, ಈಗ ಇಲ್ಲಿ ಒಂದು ಗಾಯನವೃಂದದಲ್ಲಿ ಹಾಡುತ್ತಾಳೆ. ಹಾಡು ಮುಗಿದ ಮೇಲೆ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಮೂವತ್ತು ವರ್ಷ ನಾನು ಪಾಠ ಮಾಡಿದ್ದು ಬರೀ ಸಾಹಿತ್ಯವನ್ನು. ನಮ್ಮ ಜಾವಳಿಯ ಸಾಹಿತ್ಯವನ್ನಷ್ಟೇ ಬೋರ್ಡಿನ ಮೇಲೆ ಬರೆದು ವ್ಯಾಖ್ಯಾನ ಮಾಡಿದರೆ ಹೇಗಿರುತ್ತದೋ ಹಾಗೆ. ಈ ಸಲ ಐದು ದಿನ ಇಟ್ಟುಕೊಂಡು ಆ ಹಾಡುಗಳ ಊರುಗಳನ್ನೇ ನೋಡಿಬರೋಣ ಎಂದು ಬಂದೆ.

ಪರ್ಸೆಲ್‌ನ ಹತ್ತಿರದಲ್ಲೇ ಅವನ ಗುರುವಿನಂತಿದ್ದ ಜಾನ್ ಬ್ಲೋನ ಸ್ಮಾರಕ. ಅದರಲ್ಲಿ ತೆರೆದ ಪುಸ್ತಕವೊಂದನ್ನು ಕಲ್ಲಿನಲ್ಲಿ ಕಡೆದು, ಅವನೇ ರಚಿಸಿದ ಸಂಗೀತದ ಸ್ವರಲಿಪಿಯನ್ನು ಕೆತ್ತಿದ್ದಾರೆ. ಹುಡುಗಿ ಕತ್ತೆತ್ತಿ ನಿಂತು ಆ ಕಲ್ಲಿನ ಸ್ವರಗಳನ್ನು ಬಾಯೊಳಗೇ ಗುನುಗಿದಳು.

ಅಲ್ಲಿಂದ ಕ್ಲಾಯ್ಸ್ಟರಿಗೆ, ಅಂದರೆ ಹಿಂದೆ ಸನ್ಯಾಸಿಗಳು ಓಡಾಡುತ್ತಿದ್ದ ಹಜಾರಕ್ಕೆ ಬಂದೆವು. ಪೂರ್ವದ ಸಾಲಿನಲ್ಲಿ ಒಂದು ಕಪ್ಪು ಕಲ್ಲು. ಆಫ್ರಾ ಬೆನ್, 1689. ಸಾವನ್ನು ತಡೆಯುವಷ್ಟು ಶಕ್ತಿ ಜಾಣತನಕ್ಕೂ ಇಲ್ಲವೆಂಬುದಕ್ಕೆ ಸಾಕ್ಷಿ ಇಲ್ಲಿ ಮಲಗಿದೆ ಎಂಬ ಎರಡು ಸಾಲು ಅದರ ಮೇಲೆ. 1666ರಲ್ಲಿ ರಾಜನ ಪರವಾಗಿ ಆಂಟ್‌ವರ್ಪ್‌ಗೆ ಗೂಢಚಾರಿಣಿಯಾಗಿ ಹೋಗಿ, ಹಣ ಬಾರದೆ ಸಾಲ ಮಾಡಿಕೊಂಡು ಮರಳಿದವಳು. ಆಮೇಲೆ ನಾಟಕ ಬರೆದು ಅದರಿಂದಲೇ ಬದುಕಿದವಳು. ಅವಳ ‘ಅಬ್ದೆಲಾಜರ್’ ನಾಟಕದಲ್ಲಿ ಒಂದು ಹಾಡಿದೆ. ಮನ್ಮಥನಿಗೆ ಆಯುಧ ಕೊಟ್ಟವರು ನಾವಿಬ್ಬರೇ ಎನ್ನುತ್ತದೆ ಅದು. ನಿಟ್ಟುಸಿರು, ಕಣ್ಣೀರು, ಬಳಲಿಕೆ, ಭಯ ನನ್ನಿಂದ. ಗರ್ವ, ಕ್ರೌರ್ಯ, ಕೊಲ್ಲುವ ಬಾಣಗಳು ನಿನ್ನಿಂದ. ಕಡೆಗೆ ಗಾಯವಾದದ್ದು ಮಾತ್ರ ನನ್ನೊಬ್ಬಳೆದೆಗೆ. ಆ ಕಾಲದ ಆಸ್ಥಾನದ ಗಂಡಸರು ಇದೇ ಸಾಮಗ್ರಿಯಿಂದ ನೂರಾರು ಪದ್ಯ ಕಟ್ಟಿದರು. ಇವಳ ಕೈಯಲ್ಲಿ ಮಾತ್ರ ಅದು ಲೆಕ್ಕದ ಪುಸ್ತಕದ ಹಾಗೆ ಖಚಿತವಾಗಿದೆ. ಯಾರು ಏನು ಕೊಟ್ಟರು, ಯಾರಿಗೆ ಏನು ಉಳಿಯಿತು ಎಂಬುದನ್ನು ಸಾಲುಸಾಲಾಗಿ ಎಣಿಸಿ ಇಟ್ಟಿದ್ದಾಳೆ.

ಆ ಕಲ್ಲಿನ ಮುಂದೆ ನಿಂತಾಗ ನನಗೆ ನಮ್ಮ ಹೊನ್ನಮ್ಮ ನೆನಪಾದಳು. ಬೆನ್ ಲಂಡನ್ನಿನಲ್ಲಿ ಬರೆಯುತ್ತಿದ್ದ ಹೆಚ್ಚುಕಡಿಮೆ ಅದೇ ದಶಕಗಳಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಕಟ್ಟಿದಳು. ಹೇಳಿದ ವಿಷಯ ಬೇರೆ ಬೇರೆ. ಇಬ್ಬರೂ ಆರಿಸಿಕೊಂಡದ್ದು ಹಾಡಲಿಕ್ಕೆ ಒದಗುವ ಕಟ್ಟನ್ನೇ. ಹತ್ತು ನಿಮಿಷ ಅಲ್ಲೇ ನಿಂತಿದ್ದೆ. ಶಾಲೆಯ ಮಕ್ಕಳ ಒಂದು ಗುಂಪು ಆ ಕಲ್ಲನ್ನು ದಾಟಿಕೊಂಡು ಹೋಯಿತು.

ಹೆನ್ರಿ ಲಾಸ್ ಎಂಬ ಸಂಗೀತ ರಚನಕಾರನನ್ನೂ 1662ರಲ್ಲಿ ಈ ಕ್ಲಾಯ್ಸ್ಟರಿನಲ್ಲೇ ಹೂಳಿದರು. 1661ರಲ್ಲಿ ಎರಡನೇ ಚಾರ್ಲ್ಸ್‌ನ ಪಟ್ಟಾಭಿಷೇಕದ ಗೀತೆಗೆ ಸಂಗೀತ ಹಾಕಿದವನು ಇವನೇ. ಇವನನ್ನು ಹೊಗಳಿ ಮಿಲ್ಟನ್ ಒಂದು ಸಾನೆಟ್ ಬರೆದಿದ್ದಾನೆ. ಅದರಲ್ಲಿ ಬರುವ ಒಂದು ಮಾತನ್ನು ಕನ್ನಡದವರು ಥಟ್ಟನೆ ಹಿಡಿಯಬಲ್ಲರು: ಲಘುವನ್ನು ಗುರುವಿನ ಜೊತೆ ಕಚ್ಚಾಡಿಸದೆ, ಪದದ ಅಳತೆಗೆ ಸರಿಯಾಗಿ ಸ್ವರದ ಅಳತೆ ಇಟ್ಟವನು ನೀನು. ಇಂಗ್ಲಿಷರ ಛಂದಸ್ಸು ಒತ್ತಿನ ಮೇಲೆ ನಿಂತದ್ದು ಎಂದು ಪಾಠ ಹೇಳಿಕೊಂಡು ಬಂದವಳಿಗೆ, ಅವರ ಹಾಡುಗಾರನನ್ನು ಹೊಗಳುವಾಗ ಅವರದೇ ಮಹಾಕವಿ ಲಘು-ಗುರುವಿನ ಮಾತೆತ್ತಿದ್ದು ದೊಡ್ಡ ಸಂಗತಿಯಾಗಿ ಕಂಡಿತು. ಐದೂ ದಿನ ಈ ಮಾತು ನನ್ನ ಜೊತೆಯಲ್ಲೇ ಬಂತು.

ಮಂಗಳವಾರ, ಟೆಂಪಲ್ ಮತ್ತು ಚಿತ್ರಶಾಲೆ

ಫ್ಲೀಟ್ ಸ್ಟ್ರೀಟಿನ ಗದ್ದಲದಿಂದ ಒಂದು ಕಮಾನಿನೊಳಗೆ ನುಗ್ಗಿದರೆ ಸದ್ದು ಅಲ್ಲೇ ನಿಂತುಬಿಡುತ್ತದೆ. ವಕೀಲರ ಕಚೇರಿಗಳ ನಡುವೆ ಟೆಂಪಲ್ ಚರ್ಚು, 1185ರಲ್ಲಿ ಪ್ರತಿಷ್ಠೆಯಾದ ದುಂಡನೆಯ ಕಟ್ಟಡ. ಇದರ ಬಾಗಿಲ ಬಳಿ ಜಾನ್ ಪ್ಲೇಫರ್ಡ್ ಎಂಬವನ ಅಂಗಡಿ ಇತ್ತು. ಆ ಅಂಗಡಿ ಈಗ ಇಲ್ಲ. ಆದರೂ ನಾನು ಬಂದದ್ದು ಅದಕ್ಕೇ.

ಕಾಲ ಎಂಥದಿತ್ತು ನೋಡಿ. ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಹತ್ತಿದ 1642ರಲ್ಲಿ ಪಾರ್ಲಿಮೆಂಟು ನಾಟಕಶಾಲೆಗಳನ್ನು ಮುಚ್ಚಿಸಿತು. ಮುಂದೆ ರಾಜ ಮೊದಲನೇ ಚಾರ್ಲ್ಸ್‌ನ ತಲೆ ಕಡಿದರು, ಆಸ್ಥಾನ ಚೆದುರಿತು. ಆಸ್ಥಾನವೇ ಇಲ್ಲವಾದ ಮೇಲೆ ಆಸ್ಥಾನದ ಹಾಡುಗಾರರು ಮನೆಮನೆಯಲ್ಲಿ ಪಾಠ ಹೇಳಿ ಹೊಟ್ಟೆ ಹೊರೆದರು. ಆಗ ಈ ಪ್ಲೇಫರ್ಡ್ ಅವರ ಹಾಡುಗಳನ್ನು ಅಚ್ಚು ಹಾಕಿಸಿ ಮಾರತೊಡಗಿದ. 1651ರಲ್ಲಿ ನೃತ್ಯದ ಮಟ್ಟುಗಳ ಪುಸ್ತಕ, ಅದರ ಬೆನ್ನಿಗೇ ಲಾಸ್ ಮುಂತಾದವರ ಹಾಡುಗಳ ಸಂಪುಟಗಳು, ಓದಿ ಹಾಡಲು ಕಲಿಸುವ ಒಂದು ಕೈಪಿಡಿ. 1660ರ ಮೇ 29ರಂದು, ತನ್ನ ಮೂವತ್ತನೇ ಹುಟ್ಟುಹಬ್ಬದ ದಿನ, ಎರಡನೇ ಚಾರ್ಲ್ಸ್ ಲಂಡನ್ನಿಗೆ ಬಂದಾಗ ರಾಜನೂ ನಾಟಕವೂ ಒಟ್ಟಿಗೇ ಮರಳಿದರು. ಅದೇ ವರ್ಷ ಹೆಂಗಸರು ಮೊದಲ ಸಲ ಸಾರ್ವಜನಿಕ ರಂಗದ ಮೇಲೆ ಬಂದರು. ಹಾಡು ಮಾತ್ರ ಅಷ್ಟೂ ವರ್ಷ ಈ ಚರ್ಚಿನ ಬಾಗಿಲಲ್ಲಿ ಜೀವ ಹಿಡಿದುಕೊಂಡಿತ್ತು. ಆಮೇಲೆ ಬಂದ ಹಾಡುಗಳು ಅರಮನೆಯಲ್ಲಿ ಹುಟ್ಟಿ, ರಂಗದ ಮೇಲೆ ಬೆಳೆದು, ಇಲ್ಲಿ ಅಚ್ಚಾಗಿ, ಊರಿನ ಮನೆಗಳಿಗೆ ಹೋದವು. ಈ ಸರಪಳಿಯ ಒಂದು ಕೊಂಡಿ ತಪ್ಪಿದ್ದರೂ ನಮಗೆ ಉಳಿಯುತ್ತಿದ್ದದ್ದು ಪದಗಳಷ್ಟೇ.

ಮಧ್ಯಾಹ್ನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ. ಅಲ್ಲಿ ನಾನು ಒಂದೇ ಚಿತ್ರದ ಮುಂದೆ ಮುಕ್ಕಾಲು ಗಂಟೆ ಕೂತೆ. ನೌಕಾಪಡೆಯ ಕಚೇರಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್‌ನನ್ನು ಜಾನ್ ಹೇಲ್ಸ್ 1666ರಲ್ಲಿ ಬರೆದದ್ದು. ಕೂಲಿ 14 ಪೌಂಡು. ಇಷ್ಟು ಚಿಕ್ಕ ಲೆಕ್ಕವೂ ನಮಗೆ ಗೊತ್ತಿರುವುದು ಪೀಪ್ಸ್ ದಿನಚರಿ ಬರೆಯುತ್ತಿದ್ದುದರಿಂದ. ಚಿತ್ರದಲ್ಲಿ ಅವನು ಮೈಯನ್ನು ಒಂದು ಕಡೆ ತಿರುಗಿಸಿ ಮುಖವನ್ನು ನಮ್ಮ ಕಡೆ ಹೊರಳಿಸಿದ್ದಾನೆ. ಹಾಗೆ ಹೆಗಲ ಮೇಲಿಂದ ನೋಡಿ ನೋಡಿ ಕತ್ತು ಮುರಿಯುವ ಹಾಗಾಯಿತು ಎಂದು ಬರೆದಿದ್ದಾನೆ. ಮೈಮೇಲೆ ಕಂದುಬಣ್ಣದ ಮಿರುಗುವ ನಿಲುವಂಗಿ. ಅದನ್ನು ಅವನು ಚಿತ್ರಕ್ಕೆಂದೇ ಬಾಡಿಗೆಗೆ ತಂದಿದ್ದ, ಮತ್ತು ದಿನಚರಿಯಲ್ಲಿ ಅದನ್ನು ಕರೆದಿರುವುದು ‘ಇಂಡಿಯನ್ ಗೌನ್’ ಎಂದು. ನಮ್ಮ ಕಡೆಯಿಂದ ಹೋದ ಉಡುಪಿನ ಹೆಸರು ಆ ಕಾಲಕ್ಕೇ ಲಂಡನ್ನಿನ ಬಾಡಿಗೆ ಅಂಗಡಿಯ ಮಾತಾಗಿತ್ತು.

ನಾನು ನೋಡಲು ಬಂದದ್ದು ಅವನ ಕೈಯನ್ನು. ಬೆರಳುಗಳ ನಡುವೆ ಮಡಿಚಿದ ಗುರುತಿರುವ ಒಂದು ಹಾಳೆ. ಹತ್ತಿರ ಹೋಗಿ ಬಗ್ಗಿದರೆ ಐದು ಗೆರೆಗಳ ಸ್ವರಲಿಪಿ ಕಾಣುತ್ತದೆ. ‘ಬ್ಯೂಟಿ ರಿಟೈರ್’, ಅಂದರೆ ‘ಚೆಲುವೆ, ಹಿಂದೆ ಸರಿ’, ಡ್ಯಾವನೆಂಟನ ನಾಟಕವೊಂದರಲ್ಲಿ ಸುಲ್ತಾನ ಸುಲೇಮಾನ ರೊಕ್ಸೊಲಾನಳಿಗೆ ಹೇಳುವ ಮಾತು. 1665ರ ಡಿಸೆಂಬರಿನಲ್ಲಿ, ಲಂಡನ್ನಿನಲ್ಲಿ ಪ್ಲೇಗು ಇನ್ನೂ ಪೂರ್ತಿ ಹೋಗಿರದಾಗ, ಪೀಪ್ಸ್ ಆ ಮಾತುಗಳಿಗೆ ತಾನೇ ರಾಗ ಹಾಕಿದ. ನೆಪ್ ಎಂಬ ನಟಿಗೆ ಕಲಿಸಿದ. ಅವಳು ಹಾಡಿದ್ದನ್ನು ಕೇಳಿ ಹಿಗ್ಗಿದ. ಮರುವರ್ಷ ಚಿತ್ರ ಬರೆಸುವಾಗ ಹುದ್ದೆಯ ಗುರುತಿನ ಯಾವ ವಸ್ತುವನ್ನೂ ಹಿಡಿಯಲಿಲ್ಲ. ಈ ಹಾಡನ್ನು ಹಿಡಿದ. ಲೋಕದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುವುದು ಸಂಗೀತವನ್ನು ಎಂದು ಅದೇ 1666ರ ಜುಲೈನಲ್ಲಿ ಬರೆದುಕೊಂಡವನು ಅವನು.

ದರ್ಜಿಯ ಮಗ, ಸರ್ಕಾರಿ ನೌಕರ. ಅರಮನೆಯ ಪ್ರೇಮದ ಭಾಷೆ ಅವನ ಬಾಯಿಗೆ ಬಂದದ್ದು ರಾಗದ ಮೂಲಕವೇ. ನನ್ನ ತರಗತಿಯಲ್ಲಿ ಕೂತಿದ್ದ ಎಷ್ಟೋ ಮಕ್ಕಳಿಗೂ ಹಾಗೆಯೇ ಬರುತ್ತಿತ್ತೋ ಏನೋ ಎಂದು ಅಲ್ಲಿ ಕೂತು ಅನ್ನಿಸಿತು, ಎದೆ ಭಾರವಾಯಿತು.

ರಾತ್ರಿ ಒಂದು ಸಣ್ಣ ಚರ್ಚಿನಲ್ಲಿ ಕಛೇರಿ. ಒಬ್ಬಳು ಗಾಯಕಿ, ಪಕ್ಕದಲ್ಲಿ ಥಿಯೊರ್ಬೊ ಹಿಡಿದವನು, ಐವತ್ತು ಅರವತ್ತು ಜನ. ಥಿಯೊರ್ಬೊ ಎಂದರೆ ಲ್ಯೂಟ್ ಎಂಬ ಮೀಟುವ ತಂತಿವಾದ್ಯದ ಅಣ್ಣ. ಬುರುಡೆಯಂತೆ ಉಬ್ಬಿದ ಹೊಟ್ಟೆ, ಕೂತವನ ತಲೆಯನ್ನೂ ಮೀರಿ ಚಾಚಿದ ಕತ್ತು. ಮೊದಲ ಸಾಲಿನಲ್ಲಿ ಕೂತಿದ್ದರಿಂದ ಎಲ್ಲವೂ ಕಾಣುತ್ತಿತ್ತು. ಗಿಡ್ಡ ತಂತಿಗಳನ್ನು ಎಡಗೈಯಿಂದ ಒತ್ತಿ ನುಡಿಸುತ್ತಿದ್ದ. ಉದ್ದ ಕತ್ತಿನ ಮಂದ್ರದ ತಂತಿಗಳನ್ನು ಒತ್ತುವುದೇ ಇಲ್ಲ. ಬಲಗೈ ಹೆಬ್ಬೆರಳಿನಿಂದ ಹಾಗೆಯೇ ಮೀಟಿ ಬಿಡುವುದು, ನಮ್ಮ ತಂಬೂರಿಯ ಹಾಗೆ. ಆ ದನಿ ಚರ್ಚಿನ ಮರದ ಬೆಂಚಿನ ಮೂಲಕ ಮೈಗೆ ಬರುತ್ತದೆ.

ಪರ್ಸೆಲ್ ‘ಇಂಡಿಯನ್ ಕ್ವೀನ್’ ನಾಟಕಕ್ಕೆ 1695ರಲ್ಲಿ ಮಾಡಿದ ಹಾಡನ್ನು ಅವಳು ಎತ್ತಿಕೊಂಡಳು. (ಆ ರಾಣಿ ಮೆಕ್ಸಿಕೋದವಳು, ನಮ್ಮವಳಲ್ಲ.) ಪ್ರೇಮದ ಕಾಯಿಲೆಯಿಂದ ಹಾರಿಹೋಗಲು ನೋಡುತ್ತೇನೆ, ಆಗದು; ನನ್ನ ಜ್ವರವೂ ನಾನೇ, ನನ್ನ ನೋವೂ ನಾನೇ. ಓದಿದರೆ ಇದು ಒಂದು ಜಾಣ ಮಾತು. ಹಾಡುವಾಗ ‘ಹಾರಿ’ ಎಂಬ ಪದ ಬಂದಲ್ಲಿ ಸ್ವರಗಳು ಸರಸರನೆ ಓಡುತ್ತವೆ. ಆ ಓಟ ಎಲ್ಲಿಗೂ ಮುಟ್ಟುವುದಿಲ್ಲ. ಹಾಡಿನ ಮೊದಲ ಸಾಲೇ ಮತ್ತೆ ಮತ್ತೆ ತಿರುಗಿ ಬರುತ್ತದೆ, ಹೊರಟವಳು ಹೊರಟಲ್ಲಿಗೇ ಬಂದು ನಿಲ್ಲುತ್ತಾಳೆ. ಹಾರಲಾಗದು ಎಂದು ಪದ ಹೇಳುವ ಮೊದಲೇ ಕಿವಿಗೆ ಅದು ತಿಳಿದಿರುತ್ತದೆ. ಪಲ್ಲವಿಗೆ ಮರಳುವುದರಲ್ಲೇ ಅರ್ಥವಿರುವ ಹಾಡುಗಳನ್ನು ಕೇಳಿ ಬೆಳೆದವಳು ನಾನು. ಇಂಗ್ಲಿಷ್ ಪದ್ಯದಲ್ಲಿ ಅದನ್ನು ಹುಡುಕಬೇಕೆಂದು ಯಾವತ್ತೂ ಹೊಳೆದಿರಲಿಲ್ಲ.

ಬುಧವಾರ, ಬೆಕನ್ಸ್‌ಫೀಲ್ಡ್

ಮಾರಿಲ್‌ಬೋನಿನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ನಿಲ್ದಾಣದಿಂದ ಹಳೆಯ ಊರಿಗೆ ನಡೆಯಬೇಕು. ಬೇಲಿಗಳ ಮೇಲೆ ಕಾಡುಗುಲಾಬಿ ಬಿರಿದಿತ್ತು. ಜೂನ್ ಮೊದಲ ವಾರ.

ಚರ್ಚಿನ ಅಂಗಳದಲ್ಲಿ ವಾಲ್‌ನಟ್ ಮರದ ಕೆಳಗೆ ಎತ್ತರದ ಚೂಪುಗಂಬದ ಸಮಾಧಿ. ಎಡ್ಮಂಡ್ ವಾಲರ್, 1606ರಿಂದ 1687. ಇವನ ಬಾಳೇ ಆ ಶತಮಾನದ ಕಥೆ. 1643ರಲ್ಲಿ ರಾಜನ ಪರ ಸಂಚು ಮಾಡಿ ಸಿಕ್ಕಿಬಿದ್ದ, ಜೊತೆಯವರ ಹೆಸರು ಹೇಳಿ ಜೀವ ಉಳಿಸಿಕೊಂಡ, ಹತ್ತು ಸಾವಿರ ಪೌಂಡು ದಂಡ ತೆತ್ತು ದೇಶ ಬಿಟ್ಟ. ಮರಳಿ ಬಂದು, ರಾಜನಿಲ್ಲದ ಕಾಲದಲ್ಲಿ ದೇಶ ಆಳುತ್ತಿದ್ದ ಕ್ರಾಮ್‌ವೆಲ್‌ನನ್ನು ಹೊಗಳಿ ಬರೆದ. 1660ರಲ್ಲಿ ರಾಜ ಬಂದಾಗ ರಾಜನನ್ನೂ ಹೊಗಳಿದ. ಕ್ರಾಮ್‌ವೆಲ್‌ನ ಮೇಲೆ ಬರೆದದ್ದೇ ಇದಕ್ಕಿಂತ ಚೆನ್ನಾಗಿತ್ತಲ್ಲ ಎಂದು ಚಾರ್ಲ್ಸ್ ಕೇಳಿದನಂತೆ. ಸ್ವಾಮಿ, ಕವಿಗಳಿಗೆ ನಿಜಕ್ಕಿಂತ ಕಲ್ಪನೆಯೇ ಚೆನ್ನಾಗಿ ಒಲಿಯುತ್ತದೆ ಎಂದನಂತೆ ಇವನು. ಈ ಮನುಷ್ಯನನ್ನು ಮೆಚ್ಚುವುದು ನನಗೆ ಆಗುವುದಿಲ್ಲ. ಜೊತೆಗಾರರಲ್ಲಿ ಇಬ್ಬರು ನೇಣಿಗೆ ಹೋದರು.

ಆದರೆ ‘ಗೋ, ಲವ್ಲಿ ರೋಸ್’ ಬರೆದವನೂ ಇವನೇ. 1645ರಲ್ಲಿ ಅಚ್ಚಾದದ್ದು, ಅಂದರೆ ರಾಜ ಮರಳುವ ಮೊದಲಿನದು. ಲಾಸ್ ಅದಕ್ಕೆ ರಾಗ ಹಾಕಿದ, ಪ್ಲೇಫರ್ಡ್ ಅಚ್ಚು ಹಾಕಿಸಿದ. ಮುಂದಿನ ತಲೆಮಾರಿನ ಆಸ್ಥಾನಕವಿಗಳಿಗೆಲ್ಲ ಮಾದರಿಯಾದದ್ದು ವಾಲರನ ಈ ನಯವೇ. ಬ್ಲೋ ಕೂಡ ಇವನ ಇನ್ನೊಂದು ಪದ್ಯಕ್ಕೆ ರಾಗ ಹಾಕಿ 1700ರ ತನ್ನ ಹಾಡುಗಳ ಸಂಪುಟದಲ್ಲಿ ಸೇರಿಸಿದ. ನಾನು ವರ್ಷ ವರ್ಷ ಪಾಠ ಮಾಡಿದ್ದು ಈ ಗುಲಾಬಿಯ ಪದ್ಯವನ್ನೇ.

ಗುಲಾಬಿಯನ್ನು ದೂತಿಯಾಗಿ ಕಳಿಸುವ ಪದ್ಯ ಅದು. ಹೋಗು, ತನ್ನ ಹೊತ್ತನ್ನೂ ನನ್ನನ್ನೂ ಹಾಳುಮಾಡುತ್ತಿರುವವಳಿಗೆ ಹೇಳು. ಯಾರ ಕಣ್ಣಿಗೂ ಬೀಳದ ಕಾಡಿನಲ್ಲಿ ಅರಳಿದ್ದರೆ ಹೊಗಳಿಸಿಕೊಳ್ಳದೆ ಸಾಯುತ್ತಿದ್ದೆ ಎಂದು ಹೇಳು. ಬೆಳಕಿಗೆ ಬಾ ಎನ್ನು. ಕಡೆಗೆ, ಅವಳ ಕಣ್ಣೆದುರೇ ಸಾಯಿ. ಚೆಲುವಾದದ್ದೆಲ್ಲಕ್ಕೂ ಇದೇ ಗತಿ ಎಂದು ಅವಳು ನಿನ್ನಲ್ಲಿ ಓದಿಕೊಳ್ಳಲಿ. ದೂತಿಗೆ ಕೊಟ್ಟ ಕೊನೆಯ ಕೆಲಸ ಸಾಯುವುದು. ತರಗತಿಯಲ್ಲಿ ಇಲ್ಲಿಗೆ ಬಂದಾಗ ಸೌಂದರ್ಯ ಕ್ಷಣಿಕ ಎಂದು ಹೇಳಿ ಪುಟ ತಿರುಗಿಸುತ್ತಿದ್ದೆ.

ಅಂಗಳದಲ್ಲಿ ಯಾರೂ ಇರಲಿಲ್ಲ. “ಅತ್ತೆ, ಹಾಡಲಾ?” ಎಂದಳು. ಹೂಂ ಎಂದೆ. ಸಮಾಧಿಗೆ ಬೆನ್ನು ಹಾಕದೆ ಪಕ್ಕಕ್ಕೆ ನಿಂತು ಮೆತ್ತಗೆ ಶುರುಮಾಡಿದಳು. ಲಾಸನ ರಾಗ ಮಾತಿನ ಬೆನ್ನಿಗೇ ನಡೆಯುತ್ತದೆ, ಯಾರೋ ಎದುರಿಗೆ ನಿಂತು ಹೇಳುತ್ತಿರುವ ಹಾಗೆ. ಆ ಕೊನೆಯ ಚರಣದಲ್ಲಿ ಸಾಯಿ ಎಂಬ ಪದ ಬಂದು, ಅವಳು ಉಸಿರು ತೆಗೆದುಕೊಂಡಳು. ಆ ಉಸಿರಿನಷ್ಟು ಹೊತ್ತು ಮರದಲ್ಲಿ ಎಲೆ ಅಲುಗಿದ್ದು ಕೇಳಿಸಿತು. ಪುಟದ ಮೇಲೆ ಅಲ್ಲಿ ಏನೂ ಇಲ್ಲ, ಒಂದು ವಿರಾಮಚಿಹ್ನೆ ಅಷ್ಟೆ. ಹೂವಿಗೆ ಅಪ್ಪಣೆ ಕೊಟ್ಟವನಿಗೇ ಆ ಅಪ್ಪಣೆ ನೋಯುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

ವಾಲರ್ ಎಳೆವಯಸ್ಸಿನಲ್ಲಿ ಡೊರೊಥಿ ಸಿಡ್ನಿ ಎಂಬ ಶ್ರೀಮಂತರ ಮಗಳನ್ನು ‘ಸ್ಯಾಕರಿಸ್ಸಾ’ ಎಂಬ ಹೆಸರಿನಲ್ಲಿ ಹಾಡಿ ಹೊಗಳಿದ್ದ. ಅವಳು ಬೇರೆಯವನನ್ನು ಮದುವೆಯಾದಳು. ಮುದುಕಿಯಾದ ಮೇಲೆ ಒಮ್ಮೆ ಸಿಕ್ಕಾಗ, ಮತ್ತೆ ಯಾವಾಗ ನನ್ನ ಮೇಲೆ ಅಂಥ ಪದ್ಯ ಬರೆಯುತ್ತೀರಿ ಎಂದು ಕೇಳಿದಳಂತೆ. ನೀವು ಮತ್ತೆ ಅಷ್ಟು ಎಳೆಯವರೂ ಚೆಲುವೆಯೂ ಆದಾಗ ಎಂದನಂತೆ. ಈ ಉತ್ತರವನ್ನು ಚಮತ್ಕಾರವೆಂದು ಪುಸ್ತಕಗಳು ಹೇಳುತ್ತವೆ. ನನಗೆ ಕೇಳಿಸುವುದು ಆ ಹೆಂಗಸಿನ ಪ್ರಶ್ನೆಯಲ್ಲಿದ್ದ ಸಲಿಗೆ.

ಚರ್ಚಿನ ಒಳಗೆ ಎಡ್ಮಂಡ್ ಬರ್ಕ್‌ನ ಸಮಾಧಿಯೂ ಇದೆ. ಈಸ್ಟ್ ಇಂಡಿಯಾ ಕಂಪನಿಯ ಹೇಸ್ಟಿಂಗ್ಸ್‌ನ ಮೇಲೆ ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ದೋಷಾರೋಪ ನಡೆಸಿದವನು. ಅವನಿಗೂ ಕೈಮುಗಿದು ಬಂದೆವು.

ಗುರುವಾರ, ಸ್ಪೆಲ್ಸ್‌ಬರಿ

ಆಕ್ಸ್‌ಫರ್ಡಿನಲ್ಲಿ ರೈಲು ಬದಲಿಸಿ ಚಾರ್ಲ್‌ಬರಿಯಲ್ಲಿ ಇಳಿದಾಗ ಮಳೆ. ಹಳ್ಳಿಗೆ ಹೋಗುವ ಬಸ್ಸು ತಪ್ಪಿತು. ಕೊಡೆ ಹಿಡಿದು ಹೊಲಗಳ ನಡುವೆ ನಡೆದೆವು, ಮುಕ್ಕಾಲು ಗಂಟೆ. ಕೊನೆಯ ಏರಿನಲ್ಲಿ ನನ್ನ ಮಂಡಿ ನೋಯತೊಡಗಿತು. ಹುಡುಗಿ ಚೀಲ ತೆಗೆದುಕೊಂಡು ಕೈ ಹಿಡಿದಳು.

ಎರಡನೇ ಚಾರ್ಲ್ಸ್‌ನ ಆಸ್ಥಾನದ ಕವಿ, ರಾಚೆಸ್ಟರಿನ ಅರ್ಲ್ ಎಂಬ ಬಿರುದಿನ ಜಾನ್ ವಿಲ್ಮಟ್ ಇಲ್ಲಿಯ ಚರ್ಚಿನ ನೆಲಮಾಳಿಗೆಯಲ್ಲಿದ್ದಾನೆ. ಹತ್ತಿರದ ಡಿಚ್ಲಿಯಲ್ಲಿ 1647ರ ಏಪ್ರಿಲ್ 1ರಂದು ಹುಟ್ಟಿ, ವುಡ್‌ಸ್ಟಾಕಿನ ಬೇಟೆಮನೆಯಲ್ಲಿ 1680ರ ಜುಲೈ 26ರಂದು ಸತ್ತ, 33 ವರ್ಷ. ಕುಡಿತ, ಜಗಳ, ಬಾಯಲ್ಲಿ ಹೇಳಬಾರದ ಪದ್ಯಗಳು, ಇವುಗಳಿಗೇ ಅವನ ಹೆಸರು ಅಂಟಿಕೊಂಡಿದೆ. 1665ರಲ್ಲಿ, ಹದಿನೆಂಟರ ಹುಡುಗ, ಎಲಿಜಬೆತ್ ಮ್ಯಾಲೆಟ್ ಎಂಬ ಆಸ್ತಿವಂತೆಯನ್ನು ಚಾರಿಂಗ್ ಕ್ರಾಸಿನಲ್ಲಿ ಗಾಡಿಯಿಂದ ಎತ್ತಿಕೊಂಡು ಹೋಗಲು ನೋಡಿ ರಾಜನ ಕೋಪಕ್ಕೆ ಸಿಕ್ಕಿ ಟವರ್ ಸೆರೆ ಸೇರಿದ. 1667ರಲ್ಲಿ ಅವಳನ್ನೇ ಮದುವೆಯಾದ.

ಅವನ ಒಂದು ಪುಟ್ಟ ಪದ್ಯಕ್ಕಾಗಿ ನಾನು ಇಷ್ಟು ದೂರ ಬಂದೆ. ಕಳೆದ ಬದುಕು ನನ್ನದಲ್ಲ, ಅದು ಕನಸು. ಬರುವ ಬದುಕು ಇನ್ನೂ ನನ್ನದಲ್ಲ. ಈ ಗಳಿಗೆಯೊಂದೇ ನನ್ನದು, ಫಿಲ್ಲಿಸ್, ಅದು ಪೂರ್ತಿ ನಿನ್ನದು. ನಿಷ್ಠೆ, ಆಣೆ ಎಂದೆಲ್ಲ ಮಾತಾಡಬೇಡ. ಪವಾಡದಿಂದ ಈ ಒಂದು ನಿಮಿಷ ನಿನಗೆ ನಿಜವಾಗಿರಬಲ್ಲೆನಾದರೆ, ದೇವರು ಕೊಟ್ಟದ್ದು ಅಷ್ಟೇ. ಹಿಂದಿನ ಕಾಲದ ಆಸ್ಥಾನಪ್ರೇಮಿ ಸಾಯುವತನಕ ಸೇವೆ ಮಾಡುತ್ತೇನೆ ಎನ್ನುತ್ತಿದ್ದ. ಅಂತರ್ಯುದ್ಧ ನೋಡಿ ಬೆಳೆದ ಈ ಪೀಳಿಗೆ ಎಷ್ಟೋ ಆಣೆ ಮುರಿದದ್ದನ್ನು ಕಂಡಿತ್ತು. ಇದೇ ಆಸ್ಥಾನಕವಿಗಳ ಗುಂಪಿನ ಸೆಡ್ಲಿ ಕೂಡ, ಸೀಲಿಯಾ, ನಾನು ಬೇರೆಯವರಿಗಿಂತ ಒಳ್ಳೆಯವನೇನಲ್ಲ, ಮನಸ್ಸು ನಿನ್ನಲ್ಲಿ ನೆಲೆ ನಿಂತಿದೆ, ಅದಕ್ಕೇ ಬದಲಾಗಿಲ್ಲ ಎನ್ನುತ್ತಾನೆ. ಇದನ್ನು ಲಂಪಟರ ಜಾಣತನವೆಂದು ತಳ್ಳಿಹಾಕುವವರಿದ್ದಾರೆ. ಮಾಡಲಾಗದ ಆಣೆಯನ್ನು ಮಾಡದಿರುವುದರಲ್ಲಿ ಒಂದು ಮರ್ಯಾದೆ ಇದೆ ಎಂದು ನನಗೆ ಅನ್ನಿಸುತ್ತದೆ. ಆದರೆ ಹೆಂಡತಿಯನ್ನು ಹಳ್ಳಿಯಲ್ಲಿ ಬಿಟ್ಟು ತಿಂಗಳುಗಟ್ಟಲೆ ಲಂಡನ್ನಿನಲ್ಲಿದ್ದ ಗಂಡನ ಬಾಯಲ್ಲಿ ಆ ಮಾತು ಬಂದಾಗ ಅವಳಿಗೆ ಹೇಗೆ ಕೇಳಿಸಿರಬೇಕು?

ಅವಳೂ ಬರೆದಳು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಗಂಡ ಹೆಂಡತಿ ಇಬ್ಬರ ಕೈಬರಹದ ಪದ್ಯಗಳೂ ಉಳಿದಿವೆ. ಅವನ ದೂರಿನ ಪದ್ಯಕ್ಕೆ ಅದೇ ಧಾಟಿಯಲ್ಲಿ ಅವಳ ಉತ್ತರವಿದೆ. ನಾನು ನಿನ್ನನ್ನು ತಾತ್ಸಾರ ಮಾಡಿದರೇ ನಿನ್ನ ಬೆಂಕಿ ಉರಿಯುವುದು ಎನ್ನುತ್ತಾಳೆ. ಮಳೆ ನಿಲ್ಲುವವರೆಗೆ ಚರ್ಚಿನ ಬೆಂಚಿನ ಮೇಲೆ ಕೂತು ಅವಳ ಪದ್ಯವನ್ನೇ ಫೋನಿನಲ್ಲಿ ಎರಡು ಸಲ ಗಟ್ಟಿಯಾಗಿ ಓದಿದೆವು. ಅದಕ್ಕೆ ರಾಗ ಹಾಕಿದವರಿದ್ದಾರೆಯೇ ಎಂದು ಹುಡುಗಿ ಕೇಳಿದಳು. ನೀನೇ ಹಾಕು ಎಂದೆ.

ಶುಕ್ರವಾರ, ಕೇಂಬ್ರಿಜ್

ಮಾಡ್ಲಿನ್ ಕಾಲೇಜಿನಲ್ಲಿ ಪೀಪ್ಸ್‌ನ ಪುಸ್ತಕಗಳು ಅವನೇ ಮಾಡಿಸಿದ ಓಕ್ ಮರದ ಗಾಜಿನ ಬೀರುಗಳಲ್ಲೇ ಇವೆ. ಸರಿಯಾಗಿ 3,000 ಪುಸ್ತಕ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. 1724ರಲ್ಲಿ ಕಾಲೇಜಿಗೆ ಬಂದವು. ವಿಷಯಕ್ಕೆ ತಕ್ಕ ಹಾಗಲ್ಲ, ಎತ್ತರಕ್ಕೆ ತಕ್ಕ ಹಾಗೆ ಜೋಡಿಸಿದ್ದಾನೆ. ಗಿಡ್ಡ ಪುಸ್ತಕದ ಅಡಿಗೆ ಪುಸ್ತಕದ ಬೆನ್ನಿನ ಹಾಗೆ ಅಲಂಕರಿಸಿದ ಮರದ ತುಂಡು ಕೊಟ್ಟು ಸಾಲು ಸಮ ಮಾಡಿದ್ದಾನೆ.

ಇಲ್ಲೇ ಬ್ರಾಡ್‌ಸೈಡ್ ಬ್ಯಾಲಡ್‌ಗಳ ಐದು ಸಂಪುಟಗಳೂ ಇವೆ. ಒಂದೇ ಮಗ್ಗುಲಲ್ಲಿ ಅಚ್ಚು ಹಾಕಿ ಬೀದಿಯಲ್ಲಿ ಹಾಡಿ ಮಾರುತ್ತಿದ್ದ ಹಾಡುಹಾಳೆಗಳು, 1,800ಕ್ಕೂ ಹೆಚ್ಚು. ಮೇಲೆ ಒರಟು ಮರದಚ್ಚಿನ ಚಿತ್ರ, ಇಂಥ ಮಟ್ಟಿನಲ್ಲಿ ಹಾಡುವುದು ಎಂಬ ಸೂಚನೆ, ಕೆಳಗೆ ಹಾಡು. ಸ್ವರಲಿಪಿ ಬೇಕಾಗಿರಲಿಲ್ಲ, ಮಟ್ಟು ಜನರಿಗೆ ಗೊತ್ತಿತ್ತು. ನಮ್ಮ ತತ್ವಪದ, ದೇವರನಾಮಗಳ ಪುಸ್ತಕದಲ್ಲೂ ‘ಧಾಟಿ’ ಎಂದು ಬರೆದಿರುತ್ತದಲ್ಲ, ಹಾಗೆ. ಪ್ರದರ್ಶನದ ಗಾಜಿನ ಪೆಟ್ಟಿಗೆಯ ಮೇಲೆ ನಾವಿಬ್ಬರೂ ತಲೆ ತಾಗಿಸಿ ಬಗ್ಗಿದೆವು. ಅರಮನೆಯ ಕ್ಲೋರಿಸ್, ಫಿಲ್ಲಿಸರೇ ಈ ಹಾಳೆಗಳಲ್ಲೂ ಸುಳಿಯುತ್ತಾರೆ, ಬೀದಿಯ ಹುಡುಗಿಯರ ಮಾತಾಡಿಕೊಂಡು. ನಾಟಕಶಾಲೆಯಲ್ಲಿ ಹುಟ್ಟಿದ ಮಟ್ಟುಗಳು ಬೀದಿಗೆ ಇಳಿದವು. ಬೀದಿಯ ಮಟ್ಟುಗಳು ಪ್ಲೇಫರ್ಡನ ಪುಸ್ತಕ ಸೇರಿದವು. ಎರಡನ್ನೂ ಒಂದೇ ಮನೆಯಲ್ಲಿ ಜೋಪಾನ ಮಾಡಿದವನು ಪೀಪ್ಸ್.

ಮರಳುವ ರೈಲಿನಲ್ಲಿ ನಾನು ನೋಟ್‌ಬುಕ್ ತೆಗೆದೆ. ಬುಧವಾರದಿಂದ ಆ ಗುಲಾಬಿಯನ್ನು ಕನ್ನಡಕ್ಕೆ ತರಲು ಒದ್ದಾಡುತ್ತಿದ್ದೆ, ಲಾಸನ ರಾಗಕ್ಕೇ ಕೂರುವ ಹಾಗೆ. ಚಿಕ್ಕಂದಿನಲ್ಲಿ ಶ್ರೀಯವರ ‘ವಸಂತ ಬಂದ’ ಹಾಡಿದವರಿಗೆ ಅದು ಆಗದ ಕೆಲಸ ಎಂದು ಅನ್ನಿಸುವುದೇ ಇಲ್ಲ. ಎರಡನೇ ಸಾಲಿನಲ್ಲೇ ಸಿಕ್ಕಿಕೊಂಡಿದ್ದೆ. ತನ್ನ ಹೊತ್ತು, ನಾನು, ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ, ‘ವೇಸ್ಟ್’. ‘ಹಾಳುಮಾಡು’ ಎಂದರೆ ಒರಟು. ‘ವ್ಯರ್ಥ’ ಎಂದರೆ ಹೊತ್ತಿಗೆ ಸರಿ, ಮನುಷ್ಯನಿಗೆ ಕೂರದು. ಲಿವರ್‌ಪೂಲ್ ಸ್ಟ್ರೀಟ್ ಎಂಬ ಲಂಡನ್ನಿನ ನಿಲ್ದಾಣಕ್ಕೆ ಇನ್ನೂ ಅರ್ಧ ಗಂಟೆ ಇರುವಾಗ ಹೊಳೆಯಿತು: ‘ಕಳೆ’. ಹೊತ್ತು ಕಳೆಯುತ್ತೇವೆ. ಇದ್ದವರನ್ನು ಕಳೆದುಕೊಳ್ಳುತ್ತೇವೆ. ‘ಹೊತ್ತನ್ನೂ ನನ್ನನ್ನೂ ಕಳೆವವಳಿಗೆ ಹೇಳು.’

ಹುಡುಗಿಗೆ ತೋರಿಸಿದೆ. ಅವಳು ತೊಡೆಯ ಮೇಲೆ ಬೆರಳಿಂದ ತಟ್ಟುತ್ತಾ ನೋಡಿದಳು. ನನಗೇ ಅನುಮಾನವಿತ್ತು. “ವೇಸ್ಟ್ ಅನ್ನೋದು ಒಂದೇ ದೊಡ್ಡ ಗುರು ಕಣೇ, ಕಳೆ ಎರಡು ಲಘು. ಮಿಲ್ಟನ್ ಒಪ್ಪಲ್ಲ,” ಎಂದೆ.

“ಎರಡು ಲಘು ಸೇರಿದ್ರೆ ಒಂದು ಗುರು ತಾನೆ ಅತ್ತೆ,” ಎಂದಳು. ಕಿಟಕಿಯ ಕಡೆ ತಿರುಗಿ, ಪಕ್ಕದವರಿಗೆ ಕೇಳಿಸದ ಹಾಗೆ, ಆ ಒಂದು ಸ್ವರವನ್ನು ಎರಡಾಗಿ ಸೀಳಿ ಹಾಡಿದಳು.